ರಾಶಿಯ ಮುಂದೆ ಕೇಳಿದ ಪ್ರಶ್ನೆ

ಎಂಬತ್ತರ ದಶಕದಲ್ಲಿ ಮೂರು ವರ್ಷ ನನ್ನ ಕೆಲಸ ಪ್ರಶ್ನೆ ಕೇಳುವುದಾಗಿತ್ತು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಿಗೆ ಕಾಲುವೆ ಬಂದಿತ್ತು. ಸರ್ಕಾರ ಕಾಲುವೆಗೆ ಸುರಿದ ದುಡ್ಡಿನಲ್ಲಿ ರೈತರು ಎಷ್ಟನ್ನು ತಿರುಗಿ ಕೊಡಬಲ್ಲರು ಎಂದು ಅಂದಾಜು ಮಾಡಬೇಕಿತ್ತು. ಊರಿಗೆ ಹತ್ತು ಮನೆ ಆರಿಸಿ, ಮನೆಗೊಂದು ಫಾರ್ಮ್ ತುಂಬಿ, ಕೆಳಗೆ ಯಜಮಾನನ ಸಹಿ ಹಾಕಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ. ಆ ಹತ್ತು ಮನೆಗಳ ಉತ್ತರದ ಮೇಲೆ ಇಡೀ ಊರಿನ ನೀರಿನ ದರ ನಿಲ್ಲುತ್ತಿತ್ತು. ಫಾರ್ಮಿನ ತಲೆಯ ಮೇಲೆ 'ರೈತನ ಶಕ್ತಿ' ಎಂದು ಅಚ್ಚು ಹಾಕಿದ್ದರು. ಅದನ್ನು ಬರೆದವರು ಆ ಬಿಸಿಲಲ್ಲಿ ಒಂದು ಮೈಲಿಯಾದರೂ ನಡೆದಿದ್ದರೋ ಇಲ್ಲವೋ ಗೊತ್ತಿಲ್ಲ.

ನಾನು ಹೇಳಹೊರಟ ಊರು ಕಾಲುವೆಯ ಕೊಟ್ಟಕೊನೆಗಿತ್ತು. ಮೇಲಿನ ಊರಿನವರು ಹಾಯಿಸಿಕೊಂಡು ಮಿಕ್ಕಿದ್ದು ಇಲ್ಲಿಗೆ ಬರಬೇಕು. ಶಿವರಾತ್ರಿ ಕಳೆದಿತ್ತು, ಬಿಳಿಜೋಳದ ರಾಶಿಯ ದಿನಗಳು. ಮನೆಗೆ ಹೋದರೆ ಯಾರೂ ಸಿಗುತ್ತಿರಲಿಲ್ಲ, ಎಲ್ಲರೂ ಕಣದಲ್ಲಿ. ಹೀಗಾಗಿ ಹತ್ತು ಫಾರ್ಮುಗಳಲ್ಲಿ ಎಂಟನ್ನು ನಾನು ಕಣದಲ್ಲೇ ನಿಂತು ತುಂಬಿದೆ. ಎಂಟನೆಯದು ಊರಿನ ಹಿರಿಯರೊಬ್ಬರದು, ನಾಲ್ಕೆಕರೆಯವರು. ಹಣೆಗೆ ವಿಭೂತಿ, ಹೆಗಲಿಗೆ ಟವೆಲ್ಲು, ಮಾತಿಗೊಮ್ಮೆ ನಗು. ನಾನು ಬೂಟು ಬಿಚ್ಚಿ ಕಣಕ್ಕೆ ಕಾಲಿಟ್ಟಿದ್ದೇ ಅವರಿಗೆ ಖುಷಿಯಾಯಿತು.

"ಯಾವ ಕಡೆಯವ್ರರಿ ಸಾಹೇಬ್ರ?"

"ಸಂಶಿಯವನರಿ."

"ಹಂಗಂದ್ರ ನಮ್ಮವರ ಆದ್ರಿ. ಬರ್ರಿ, ನೆರಳಿಗೆ ಬರ್ರಿ."

ನೆರಳೆಂದರೆ ಚಕ್ಕಡಿಯ ಅಡಿ. ಎದುರಿಗೆ ತೂರಿ ಹಸನು ಮಾಡಿದ ಜೋಳದ ರಾಶಿ. ಇನ್ನೂ ಅಳೆದಿರಲಿಲ್ಲ. ಎಕರೆಗೆ ಎಷ್ಟು ಚೀಲ ಎಂದು ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ, ರಾಶಿಯ ಕಡೆ ತಿರುಗಿ ಕೈಮುಗಿದರು. "ಎಂಟಕ್ಕ ಕಡಿಮಿ ಇಲ್ಲರಿ," ಎಂದರು.

ನಮ್ಮ ಕಡೆ ರಾಶಿಯ ಮುಂದೆ ಯಾರೂ ಕಡಿಮೆ ಮಾತಾಡುವುದಿಲ್ಲ. ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಾರೆ. ಬೆಳೆ ಸೋತಿದ್ದರೂ ಕಣದಲ್ಲಿ ನಿಂತವನು ತುಂಬಿದ ಮಾತನ್ನೇ ಆಡಬೇಕು, ಇಲ್ಲದಿದ್ದರೆ ಲಕ್ಷ್ಮಿ ಮುನಿಯುತ್ತಾಳೆ. ಮೂರು ವರ್ಷದವನಿದ್ದಾಗಿನಿಂದ ನನಗೆ ಇದು ಗೊತ್ತು. ನನ್ನ ಅಪ್ಪನೂ ಹಾಗೇ ಹೇಳುತ್ತಿದ್ದ, ಮನೆಗೆ ಬಂದ ಮೇಲೆ ಅವ್ವನ ಮುಂದೆ ನಿಜ ಹೇಳುತ್ತಿದ್ದ. ಈ ಎಂಟು ನನಗೆ ಹೇಳಿದ ಎಂಟಲ್ಲ ಎಂಬುದು ನನಗೆ ಆ ಕ್ಷಣಕ್ಕೇ ತಿಳಿಯಿತು. ಆದರೂ ಬರೆದುಕೊಂಡೆ. ಬಸ್ಸಿಗೆ ಒಂದು ತಾಸು ಉಳಿದಿತ್ತು, ಇನ್ನೂ ಎರಡು ಫಾರ್ಮು ಬಾಕಿ ಇದ್ದವು, ತಲೆ ಸಿಡಿಯುತ್ತಿತ್ತು. ಕಾರಣ ಇಷ್ಟೇ. ದೊಡ್ಡದೇನಾದರೂ ಇದ್ದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು.

ಖರ್ಚಿನ ಕಡೆ ಬೀಜ, ಗೊಬ್ಬರ, ಕೂಲಿ ಎಂದು ಜಾಗವಿತ್ತು. ಬಡಿಗ, ಕಂಬಾರ, ಅಗಸ, ಮಠ ಎಂದು ಕಣದಿಂದಲೇ ಹಂಚಿಹೋಗುವ ಕಾಳಿಗೆ ಜಾಗವಿರಲಿಲ್ಲ. 'ಇತರೆ' ಎಂಬ ಬೆರಳಗಲದ ಅಂಕಣವೊಂದಿತ್ತು, ರಸೀದಿ ಇಲ್ಲದೆ ಅದರಲ್ಲಿ ಏನೂ ಬರೆಯಬಾರದೆಂದು ಸೂಚನೆ. ಬಡಿಗ ಯಾವ ಜನ್ಮದಲ್ಲಿ ರಸೀದಿ ಕೊಟ್ಟಾನು? ಹೊರಡುವಾಗ ಯಜಮಾನರು ಮಗಳನ್ನು ಕರೆದರು. ಹತ್ತನೆಯ ಇಯತ್ತೆ ಓದುವ ಹುಡುಗಿ, ಕಣದ ಅಂಚಿನಲ್ಲಿ ಕಾಳು ಆರಿಸುತ್ತಾ ಕುಳಿತಿದ್ದಳು. ಒಂದು ಮೊರ ಜೋಳ ತಂದು ನನ್ನ ಚೀಲಕ್ಕೆ ಸುರಿದಳು. ಕಣಕ್ಕೆ ಬಂದವನು ಬರಿಗೈಯಲ್ಲಿ ಹೋಗುವಂತಿಲ್ಲ.

ಆಫೀಸಿನಲ್ಲಿ ಹತ್ತೂ ಫಾರ್ಮುಗಳನ್ನು ಕೂಡಿಸಿದಾಗ ಆ ಊರು ಪೂರ್ತಿ ದರ ಕೊಡಬಲ್ಲ ಊರುಗಳ ಪಟ್ಟಿಗೆ ಹೋಯಿತು. ಕಾಲುವೆಯ ಕೊನೆಯ ಊರು, ಮೊದಲ ಊರಿಗಿಂತ ಮೇಲೆ. ಕಣದಲ್ಲಿ ತುಂಬಿದ ಎಂಟೂ ಫಾರ್ಮುಗಳಲ್ಲಿ ರಾಶಿಯ ಮುಂದಿನ ಮಾತೇ ಇತ್ತು. ಸಾಹೇಬರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ನನ್ನಷ್ಟೇ ದಣಿದವರು. "ಸೋಮವಾರದೊಳಗೆ ಹೊಸ ಫಾರ್ಮಿಗೆ ಸಹಿ ಹಾಕಿಸಿ ತಾ, ಬದಲಾಯಿಸೋಣ," ಎಂದರು.

ಹಿರಿಯರು ಸಹಿ ಹಾಕಿದರೆ ಉಳಿದವರೂ ಹಾಕುತ್ತಾರೆಂದು ಮೊದಲು ಅವರ ಮನೆಗೇ ಹೋದೆ. ಅಷ್ಟರಲ್ಲಿ ರಾಶಿ ಅಳೆದಾಗಿತ್ತು. ಅವರ ಹೆಂಡತಿ ಚಹಾ ತಂದಿಟ್ಟು ತಾವೇ ಲೆಕ್ಕ ಹೇಳಿದರು. "ಎಕರೆಕ ಆರು ಬಂತರಿ. ಎಲ್ಲಾರಿಗೂ ಕೊಟ್ಟು ಮನಿಗೆ ಬಂದಿದ್ದು ಐದು."

ಎಂಟೇ ಉಳಿದರೆ ಊರಿಗೆ ಪೂರ್ತಿ ದರ ಬೀಳುತ್ತದೆಂದು ಹೇಳಿ, ಹಂಚಿದ್ದನ್ನು ಕಳೆದ ಐದನ್ನೇ ಬರೆದು ಫಾರ್ಮನ್ನು ಯಜಮಾನರ ಮುಂದಿಟ್ಟೆ. ಅವರು ಪೆನ್ನು ಮುಟ್ಟಲಿಲ್ಲ.

"ಆಗಂಗಿಲ್ರಿ. ರಾಶಿ ಮುಂದ ಎಂಟು ಅಂದೀನಿ. ಈಗ ಐದು ಅಂತ ಸಹಿ ಮಾಡಿದ್ರ ಬರೋ ವರ್ಷ ಯಾವ ಮಾರಿ ಹೊತ್ಕೊಂಡು ಕಣಕ್ಕ ಇಳೀಲಿ?"

"ಅದು ಬರೇ ಕಾಗದರಿ, ಯಜಮಾನ್ರ."

"ನಿಮಗ ಕಾಗದರಿ."

ಹೆಂಡತಿಗೆ ತಡೆಯಲಾಗಲಿಲ್ಲ. "ಹುಡುಗಿ ಧಾರವಾಡಕ್ಕ ಕಾಲೇಜಿಗೆ ಹೊಂಟಾಳ. ಅಕಿಗೆ ಅಂತ ಇಟ್ಟ ರೊಕ್ಕ ಅಷ್ಟೂ ಕಾಲುವಿ ದರಕ್ಕ ಹೋಗತೈತಿ. ಒಂದು ಸಹಿ ಮಾಡಿಬಿಡ್ರಿ!" ಎಂದರು. ಗಂಡ ಫಾರ್ಮನ್ನು ನನ್ನ ಕಡೆ ಸರಿಸಿದರು. ಬಾಗಿಲ ಬಳಿ ಹುಡುಗಿ ನಿಂತಿದ್ದಳು. ಆಗ ಆ ತಾಯಿ ನನ್ನ ಕಡೆ ತಿರುಗಿದರು.

"ನೀವೂ ಸಂಶಿಯವ್ರು ಅಂದ್ರಲ್ರಿ. ರಾಶಿ ಮುಂದ ಹಂಗ ಕೇಳಬಾರದು ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಿದೆ. ಇಷ್ಟು ವರ್ಷಗಳ ಮೇಲೆ ನನಗೆ ಹೆಚ್ಚು ನಾಚಿಕೆ ತರುವುದು ಆ ಎಂಟಲ್ಲ, ಈ ಸುಳ್ಳು. ಸಹಿಯಿಲ್ಲದ ಫಾರ್ಮನ್ನು ಮಡಚಿಕೊಂಡು ಬಸ್ ಹಿಡಿದೆ. ಸೋಮವಾರ ಬಂತು, ಹೋಯಿತು. ಹಳೆಯ ಎಂಟೇ ಉಳಿಯಿತು, ಊರಿಗೆ ಪೂರ್ತಿ ದರದ ನೋಟಿಸು ಹೋಯಿತು.

ಮರುವರ್ಷ ಬೇರೆ ಯಾವುದೋ ಪಟ್ಟಿ ಹಿಡಿದು ಅದೇ ದಾರಿಯಲ್ಲಿ ಹೋಗಬೇಕಾಯಿತು. ಮತ್ತೆ ರಾಶಿಯ ದಿನಗಳೇ. ಆ ಕಣವನ್ನು ದಾಟಿ ಸರಸರ ಹೋಗಿಬಿಡಬೇಕೆಂದಿದ್ದೆ, ಯಜಮಾನರು ಕಂಡು ಕೂಗಿದರು. ಅದೇ ನಗು. ಬೂಟು ಬಿಚ್ಚಿ ಒಳಗೆ ಹೋದೆ. ಕಾಲೇಜು ನಡೆಯುವ ದಿನ ಅದು, ಆದರೆ ಹುಡುಗಿ ಕಣದಲ್ಲಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು ಕಾಳು ತೂರುತ್ತಿದ್ದಳು, ಕೈಗೆ ಆ ಕೆಲಸ ಚೆನ್ನಾಗಿ ಹತ್ತಿತ್ತು. ನಾನು ಯಾರನ್ನೂ ಏನೂ ಕೇಳಲಿಲ್ಲ. ಹೊರಡಲು ಎದ್ದಾಗ ಅವಳೇ ಮೊರದ ತುಂಬ ಜೋಳ ತಂದು ನಿಂತಳು.

ಹೋದ ವರ್ಷ ಆ ಫಾರ್ಮಿನಲ್ಲಿ ನಾನು ಖರ್ಚೆಂದು ಕಳೆಯದೆ ಬಿಟ್ಟ, ಕಣದಿಂದ ಹಂಚಿಹೋದ ಕಾಳಿನಲ್ಲಿ ನನ್ನದೂ ಒಂದು ಮೊರವಿತ್ತು. ಬೇಡ ಎನ್ನಲು ಬಾಯಿ ತೆರೆದೆ. ಎದುರಿಗೇ ರಾಶಿ ಇತ್ತು. ಚೀಲದ ಬಾಯಿ ಬಿಚ್ಚಿ ಹಿಡಿದೆ.