ರೆಫ್ರಿ ಭಾವ

ಮೊನ್ನೆ ಶಾಲೆಯ ಮೈದಾನದ ಪಕ್ಕ ಹಾದು ಬರುವಾಗ ಸುಣ್ಣದ ಪುಡಿಯ ಘಾಟು ಮೂಗಿಗೆ ಬಡಿಯಿತು. ಕಬಡ್ಡಿ ಆಟಕ್ಕೆ ಗೆರೆ ಹಾಕುತ್ತಿದ್ದರು. ಅಲ್ಲೇ ನಿಂತುಬಿಟ್ಟೆ. ಅಕ್ಕನ ಗಂಡ, ನಮ್ಮ ಭಾವ, ನೆನಪಾದರು...

ಐವತ್ತರ ದಶಕದ ಕೊನೆ. ಭಾವ ತರೀಕೆರೆಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ಭಾನುವಾರ ಮಾತ್ರ ಕಬಡ್ಡಿ ರೆಫ್ರಿ. ಅವರು ಸೀಟಿ ಊದಿದರೆ ಸೋತವರೂ ತಕರಾರು ತೆಗೆಯುತ್ತಿರಲಿಲ್ಲ. ಕಡೂರು, ಬೀರೂರು, ಶಿವನಿ, ಎಲ್ಲೆಲ್ಲಿಂದಲೋ ರೆಫ್ರಿಯಾಗಿ ಬನ್ನಿ ಎಂದು ಕಾಗದಗಳು ಬರತೊಡಗಿದವು. ರಜೆ ಕೇಳಿ ಕೇಳಿ ಸಾಕಾಗಿ ಒಂದು ದಿನ ಗಿರಣಿಯನ್ನೇ ಬಿಟ್ಟು ಬಂದರು.

"ಸೀಟಿ ಊದಿ ಸಂಸಾರ ಸಾಕಕ್ಕಾಯ್ತದಾ?" ಎಂದು ಅಕ್ಕ ಅತ್ತಳು.

"ನ್ಯಾಯವಾಗಿ ಊದಿದ್ರೆ ಆಯ್ತದೆ ಕಣೇ," ಎಂದರು ಭಾವ.

ಆಯಿತು ಕೂಡ. ಎರಡು ವರ್ಷ ಮನೆ ಹಾಗೆಯೇ ನಡೆಯಿತು. ಅಕ್ಕನೂ ನಂಬಿದಳು, ಅವರ ಬಿಳಿ ಷರಟಿಗೆ ತಾನೇ ಗಂಜಿ ಹಾಕಿ ಒಣಗಿಸುತ್ತಿದ್ದಳು.

ಆಮೇಲೆ ಅಜ್ಜಂಪುರದ ಆ ಫೈನಲ್. ನಾನು ತರೀಕೆರೆ ತಂಡದಲ್ಲಿದ್ದೆ. ಆದರೂ ಇವರೇ ರೆಫ್ರಿ ಆಗಲಿ ಎಂದು ಎದುರಾಳಿಗಳೇ ಕೇಳಿಕೊಂಡಿದ್ದರು. ಕೊನೆಯ ದಾಳಿ ನನ್ನದು. ಒಬ್ಬನನ್ನು ಮುಟ್ಟಿ ವಾಪಸ್ಸು ಹಾರಿದೆ. ನಡುಗೆರೆಗೆ ಇನ್ನೊಂದು ಮೊಳ ಇರುವಾಗಲೇ ಉಸಿರು ಕಡಿಯಿತು. ಅದು ಗೊತ್ತಾದದ್ದು ಇಬ್ಬರಿಗೇ, ನನಗೆ ಮತ್ತು ಭಾವನಿಗೆ. ಸೀಟಿ ಊದಿ ಔಟ್ ಕೊಟ್ಟರು.

"ಸುಳ್ಳು! ನಾನು ಉಸಿರು ಬಿಟ್ಟಿಲ್ಲ!" ಎಂದು ಕೂಗಿದೆ.

ಅಷ್ಟೇ ಸಾಕಾಯಿತು. "ಸ್ವಂತ ಭಾಮೈದನೇ ಹೇಳ್ತಾವ್ನೆ! ಆಟ ಮಾರ್ಕೊಂಡವ್ನೆ ಕಣ್ರೋ!" ಎಂದು ನಮ್ಮೂರಿನವರು ನುಗ್ಗಿದರು. ಷರಟು ಹರಿಯಿತು, ತುಟಿ ಒಡೆಯಿತು. ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಕಾಗದಗಳು ನಿಂತವು. ಆಟ ಮಾರಿಕೊಂಡವನಿಗೆ ಗುಮಾಸ್ತೆ ಕೆಲಸ ಕೊಡಲು ಗಿರಣಿಯ ಮಾಲೀಕರು ಒಪ್ಪಲಿಲ್ಲ. ಭಾವ ಅಲ್ಲೇ ಮೂಟೆ ಹೊತ್ತರು. ಒಮ್ಮೆ ಎದುರಾದಾಗ, "ಎಲ್ಲರ ಮುಂದೆ ನಿಜ ಹೇಳ್ಬಿಡ್ತೀನಿ ಭಾವ," ಎಂದೆ. ಅವರು ಹೊತ್ತ ಮೂಟೆ ಇಳಿಸಲೂ ಇಲ್ಲ.

"ಆವತ್ತು ಹೇಳ್ಬೇಕಿತ್ತು ಕಣಪ್ಪಾ. ಈಗ ಯಾರಿಗೆ ಬೇಕು?"

ಆ ಮಾತನ್ನೇ ನೆಪ ಮಾಡಿಕೊಂಡು ಸುಮ್ಮನಾದೆ.

ಭಾವ ಹೋಗಿ ಎಷ್ಟೋ ವರ್ಷಗಳಾದವು. ಅಕ್ಕ ಹಣ್ಣು ಮುದುಕಿ. ಹೋದಾಗಲೆಲ್ಲ ಕೈ ಹಿಡಿದು ಕೇಳುತ್ತಾಳೆ, "ಅವ್ರು ತಪ್ಪು ಮಾಡಿರ್ಲಿಲ್ಲ, ಅಲ್ವೇನೋ?"

"ಇಲ್ಲ ಕಣಕ್ಕಾ," ಅನ್ನುತ್ತೇನೆ.

ಅದು ನನಗೆ ಹೇಗೆ ಗೊತ್ತು ಎಂಬುದನ್ನು ಮಾತ್ರ ಇವತ್ತಿಗೂ ಹೇಳಿಲ್ಲ.