ಜಾರುಗಲ್ಲಿನಿಂದ ಇಳಿದ ಹರಿಗೋಲು

ಚನ್ನರಾಯಪಟ್ಟಣದ ಗ್ರಂಧಿಗೆ ಅಂಗಡಿಯೊಂದರಲ್ಲಿ ಕಳೆದ ವರ್ಷ ಸೀಗೆಪುಡಿ ಕೊಳ್ಳಲು ನಿಂತಿದ್ದೆ. ಅಂಗಡಿಯವರು ನನಗಿಂತ ಮುಂದೆ ಬಂದಿದ್ದ ಬಡಗಿಯೊಬ್ಬನಿಗಾಗಿ ರಾಳದ ಡಬ್ಬಿಯ ಮುಚ್ಚಳ ತೆಗೆದರು. ರಾಳವೊಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಅದೇ ಹೊತ್ತಿಗೆ ಪಕ್ಕದಲ್ಲಿ ಹರಳೆಣ್ಣೆಯನ್ನೂ ಅಳೆಯುತ್ತಿದ್ದರು. ಆ ಎರಡು ವಾಸನೆಗಳು ಕೂಡಿದ ಕೂಡಲೇ, ಅಂಗಡಿಯಲ್ಲೆಲ್ಲೂ ಇಲ್ಲದ ಮೂರನೆಯ ವಾಸನೆಯೊಂದು, ನೆನೆದ ಎಮ್ಮೆಚರ್ಮದ ವಾಸನೆ, ತಾನಾಗಿಯೇ ಬಂದು ಅವುಗಳ ಜೊತೆ ಸೇರಿಕೊಂಡಿತು. ನಾನು ಏನನ್ನೂ ಕೊಳ್ಳದೆ ಹೊರಗೆ ಬಂದು, ಬಸ್ಸು ನಿಲ್ಲುವ ಕಡೆ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅದು ನಮ್ಮ ಮನೆಯ ವಾಸನೆ. ಆ ಮನೆ ಈಗ ಇಲ್ಲ. ಅದರಲ್ಲಿದ್ದವರ ಪೈಕಿ ಉಳಿದಿರುವವಳು ನಾನೊಬ್ಬಳೇ.

ನಮ್ಮದು ಹೇಮಾವತಿಯ ದಡದಲ್ಲಿ ಹರಿಗೋಲು ನಡೆಸುವ ಮನೆ. ಹೊಳೆನರಸೀಪುರಕ್ಕಿಂತ ಎಷ್ಟೋ ಮೇಲೆ, ಅರಕಲಗೂಡು ಸೀಮೆಯ ದಂಡೆಯಲ್ಲಿ, ದಿಬ್ಬವೊಂದರ ಮರೆಯಲ್ಲಿ ಹೊಳೆಗೆ ಬೆನ್ನು ಮಾಡಿ ನಿಂತ ತಗ್ಗು ಹೆಂಚಿನ ಮನೆ ಅದು. ಆಚೆಯ ದಡ ಹತ್ತಿದವರು ಮೊಸಳೆ ಎಂಬ ಹಳ್ಳಿಯ ಮೂಲಕ ಹಾಸನಕ್ಕೆ ನಡೆದು ಹೋಗುತ್ತಿದ್ದರು. ರೈಲಿನ ಸೇತುವೆ ಬಹಳ ಕೆಳಗಿದ್ದುದರಿಂದ ನಮ್ಮ ಸುತ್ತಿನ ಹಳ್ಳಿಗಳಿಗೆ ಹಾಸನವೆಂದರೆ ನಮ್ಮ ಹರಿಗೋಲೇ. ಮನೆಯಲ್ಲಿದ್ದವರು ನಾಲ್ವರು: ಅಪ್ಪ, ಅವ್ವ, ನಾನು, ಮತ್ತು ಅವ್ವನ ತಮ್ಮನಾದ ಪುಟ್ಟಮಾವ. ಅಂಗಳದಲ್ಲಿ ನಾಲ್ಕು ಕಲ್ಲುಗಳ ಮೇಲೆ ಹರಿಗೋಲನ್ನು ಬೋರಲು ಹಾಕಿರುತ್ತಿದ್ದರು. ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದ ಆ ಗುಂಡನೆಯ ದೋಣಿಯ ನೆರಳಿನಲ್ಲಿ ಬೇಸಗೆಯೆಲ್ಲ ಕೋಳಿಗಳು ಮಲಗಿರುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಅವ್ವ ಒಲೆಯ ಮೇಲೆ ರಾಳವನ್ನೂ ಹರಳೆಣ್ಣೆಯನ್ನೂ ಕೂಡಿಸಿ ಕಾಯಿಸುತ್ತಿದ್ದಳು. ಅಪ್ಪ ಅದನ್ನು ಚರ್ಮದ ಹೊಲಿಗೆಗಳಿಗೆ ಬೆರಳಿನಿಂದ ಒತ್ತಿ ಒತ್ತಿ ತುಂಬುತ್ತಿದ್ದ. ಆ ದಿನಗಳಲ್ಲಿ ನಾವು ಉಂಡ ಅನ್ನಕ್ಕೂ ಅದೇ ವಾಸನೆ.

ದಡದಲ್ಲಿ ನಿಂತು ನೋಡುವವರು ಹೊಳೆಯನ್ನು ದಾಟುವುದೇ ಕಷ್ಟವೆಂದು ತಿಳಿಯುತ್ತಾರೆ. ನಮ್ಮ ಮನೆಯವರಿಗೆ ದಾಟುವುದು ಅಷ್ಟು ಕಷ್ಟವಾಗಿರಲಿಲ್ಲ; ಹರಿಗೋಲನ್ನು ನೀರಿಗೆ ಇಳಿಸುವುದು ಕಷ್ಟವಾಗಿತ್ತು. ಇಳಿಸುವ ಜಾಗವೆಂದರೆ ನೀರಿನೊಳಕ್ಕೆ ಓರೆಯಾಗಿ ಇಳಿದ ಅಗಲವಾದ ಒಂದು ಬಂಡೆ. ಅದನ್ನು ಜಾರುಗಲ್ಲು ಎನ್ನುತ್ತಿದ್ದರು. ಅದರ ಮೇಲೆ ಮರವಿಲ್ಲ, ಮರೆಯಿಲ್ಲ. ಪಡುವಣ ದಿಕ್ಕಿಗೆ ಹೊಳೆ ಬಹುದೂರ ನೇರವಾಗಿದ್ದುದರಿಂದ ಆಷಾಢದ ಗಾಳಿ ತಡೆಯೇ ಇಲ್ಲದೆ ನೀರಿನ ಮೇಲೆ ಓಡಿ ಬಂದು, ಅಲೆಗಳನ್ನು ಬಂಡೆಯ ಮೈಮೇಲೆ ಅಡ್ಡಡ್ಡಲಾಗಿ ಏರಿಸುತ್ತಿತ್ತು. ಏರಿದ ನೀರು ಹಿಂದಕ್ಕೆ ಜಾರುವಾಗ ಕಾಲ ಕೆಳಗಿದ್ದುದನ್ನೆಲ್ಲ ಎಳೆದುಕೊಂಡು ಹೋಗುತ್ತಿತ್ತು. ಚರ್ಮವನ್ನು ಬಂಡೆಯ ಮೇಲೆ ಎಳೆದರೆ ಹರಿಯುತ್ತದೆ. ಒಣಚರ್ಮವನ್ನು ಥಟ್ಟನೆ ನೀರಿಗಿಟ್ಟರೆ ಸೀಳುತ್ತದೆ. ಆದ್ದರಿಂದ ಮೊದಲು ಚರ್ಮವನ್ನು ನೆನೆಸಬೇಕು, ಬಂಡೆಯ ಮೇಲೆ ಒದ್ದೆ ರಾಗಿಹುಲ್ಲು ಹಾಸಬೇಕು, ಆಮೇಲೆ ಇಬ್ಬರು ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದು ನೀರಂಚಿನಲ್ಲಿ ಮಗುಚಬೇಕು. ಅಪ್ಪ ಮೊದಲು ಹತ್ತಿ, ಹೊಳೆಯ ಕಡೆಗೆ ಮುಖ ಮಾಡಿ ಕುಳಿತು, ಹುಟ್ಟನ್ನು ನೀರಿನಲ್ಲಿ ಊರುತ್ತಿದ್ದ. ಪುಟ್ಟಮಾವ ದಡದ ಕಡೆ ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡು ಕೈಯಿಂದಲೂ ಅಂಚನ್ನು ಹಿಡಿದಿರುತ್ತಿದ್ದ. ಹತ್ತಿದವರು ನಡುವೆ ಕುಕ್ಕರಗಾಲಿನಲ್ಲಿ ಕುಳಿತು, ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು, ಮುಖ ತಗ್ಗಿಸಬೇಕು. ತಲೆಯೆತ್ತಿದವರು ಅಲೆ ಕಂಡು ಒಂದು ಕಡೆಗೆ ವಾಲುತ್ತಾರೆ. ದೊಡ್ಡ ಅಲೆಯೊಂದು ಬಂದು ಹಿಂದಿರುಗುವ ಆ ಒಂದು ಉಸಿರಿನಲ್ಲಿ ಮಾವ ನೂಕಬೇಕು. ತಡವಾದರೆ ಮುಂದಿನ ಅಲೆ ಹರಿಗೋಲನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತದೆ. ನೂಕಿದ ಮೇಲೆ ಮಾವ ದಡಕ್ಕೆ ಮರಳಿ, ಹಾಸಿದ ಹುಲ್ಲನ್ನು ಎತ್ತಿಡುವ ಕೆಲಸವನ್ನು ನನಗೆ ಬಿಟ್ಟು, ಹಾಗೆಯೇ ಗದ್ದೆಗೆ ಹೋಗುತ್ತಿದ್ದ.

ಇಷ್ಟಲ್ಲದೆ ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಹರಿಗೋಲಿನಲ್ಲಿ ಕುಳಿತವರನ್ನು ಎಣಿಸಬಾರದು. ಭಾರ ಹೆಚ್ಚಾಯಿತೇ ಎಂಬುದನ್ನು ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳಿಟ್ಟು ನೋಡುತ್ತಿದ್ದರೇ ಹೊರತು, ಎಷ್ಟು ತಲೆ ಎಂದು ಯಾರೂ ಬಾಯಲ್ಲಾಗಲಿ ಮನಸ್ಸಿನಲ್ಲಾಗಲಿ ಹೇಳಿಕೊಳ್ಳುತ್ತಿರಲಿಲ್ಲ. ನಾನು ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಕಂಡದ್ದನ್ನೆಲ್ಲ ಎಣಿಸುವ ಚಟ ಹತ್ತಿತ್ತು. ಹೆಂಚು, ಕೋಳಿಮರಿ, ಅವ್ವ ತಟ್ಟಿದ ರೊಟ್ಟಿ, ಯಾವುದನ್ನೂ ಬಿಡುತ್ತಿರಲಿಲ್ಲ. ಪುಟ್ಟಮಾವನಿಗೆ ಅದೊಂದು ತಮಾಷೆ. ತಲೆಯನ್ನು ನನ್ನ ಮುಂದೆ ಬಗ್ಗಿಸಿ, "ಲೇ ನಂಜಿ, ಕೂದ್ಲೆಷ್ಟವೆ ಎಣಿಸಿ ಯೋಳೇ. ನಿಮ್ಮವ್ವ ಎಣ್ಣೆ ಕೊಡಾಕೆ ಲೆಕ್ಕ ಕೇಳ್ತಾಳೆ" ಎನ್ನುತ್ತಿದ್ದ. ಅವ್ವ ನಗುತ್ತಿರಲಿಲ್ಲ. "ಏನ್ ಬೇಕಾರೂ ಎಣಿಸ್ಕೊ ಕಣವ್ವ, ಅರಿಗೋಲ್ನಾಗೆ ಕುಂತೋರ್ನ ಮಾತ್ರ ಎಣಿಸ್ಬ್ಯಾಡ. ವೊಳೆ ಕೇಳಿಸ್ಕತದೆ."

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಆ ವರ್ಷದ ಆಷಾಢದಲ್ಲಿ ಮೇಲಿನ ಸೀಮೆಯಲ್ಲಿ ಬಿಡದೆ ಮಳೆ ಸುರಿದು, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಒಂದು ಬೆಳಗ್ಗೆ ಪಕ್ಕದ ಹಳ್ಳಿಯ ಗೌಡರು ಎತ್ತಿನ ಗಾಡಿಯಲ್ಲಿ ತಮ್ಮ ಸೊಸೆಯನ್ನು ಕರೆತಂದರು. ಎರಡು ದಿನದಿಂದ ಹೊಟ್ಟೆನೋವು. ಹಾಸನದ ಆಸ್ಪತ್ರೆಗೆ ಹೋಗಬೇಕು. ಜೊತೆಯಲ್ಲಿ ಗೌಡರ ಮಗ, ಆ ಹುಡುಗಿಯ ತಾಯಿ, ಒಬ್ಬ ಆಳು. ಅಪ್ಪ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತು, "ಗೌಡ್ರೇ, ಇವತ್ತು ವೊಳೆ ಸರಿಯಿಲ್ಲ" ಎಂದ. "ನಾಳೀಕೆ ವೊಳೆ ಸರಿಯಾಯ್ತದೆ ಕಣಪ್ಪ" ಎಂದರು ಗೌಡರು. "ಇವ್ಳು ಇರ್ತಾಳಾ ಯೋಳು." ಅಪ್ಪ ಚರ್ಮ ನೆನೆಸಲು ಹೋದ. ಹುಡುಗಿಯ ತಾಯಿ ಬಂಡೆಯ ಮೇಲೆ ಕುಳಿತು ಅಳುತ್ತಿದ್ದುದನ್ನು ಕಂಡು ಪುಟ್ಟಮಾವ ಹುಲ್ಲು ಹಾಸುತ್ತಲೇ, "ಅಳ್ಬ್ಯಾಡ್ರಜ್ಜಿ. ನಮ್ ಭಾವ ಅರಿಗೋಲು ಬಿಡೋದು ಕಲ್ತಿದ್ದೇ ಇಂಥ ನೀರ್ನಾಗೆ. ಆಚೆ ದಡದಾಗೆ ನೀವೇ ಅವ್ರಿಗೆ ಎಲಡಿಕೆ ಕೊಡ್ತೀರಿ, ನೋಡ್ತಿರಿ. ನಂಗೂ ಒಂದಿಷ್ಟು ಮಡಗಿರಿ" ಎಂದ. ಆ ಮುದುಕಿ ಅಳುತ್ತಲೇ ನಕ್ಕದ್ದು ನನಗೆ ನೆನಪಿದೆ.

ಗಾಡಿಯವನೊಬ್ಬನ ಹೊರತು, ಗೌಡರೂ ಸೇರಿ ಬಂದವರೆಲ್ಲ ಹತ್ತಿ ಕುಳಿತರು. ಎರಡು ಸಲ ನೂಕಿದರೂ ಅಲೆ ಹರಿಗೋಲನ್ನು ಹಿಂದಕ್ಕೆ ತಂದು ಬಂಡೆಯ ಮೇಲಿಟ್ಟಿತು. ಅಷ್ಟು ಹೊತ್ತಿಗೆ ಗಾಡಿಯವನು ಎತ್ತು ತಿರುಗಿಸಿಕೊಂಡು ಹೊರಟುಹೋಗಿದ್ದ. ಅವ್ವ ಒಲೆಯ ಮೇಲಿಟ್ಟಿದ್ದುದನ್ನು ನೆನೆದು ಮನೆಗೆ ಓಡಿದ್ದಳು. ದಡದಲ್ಲಿ ಉಳಿದವಳು ನಾನೊಬ್ಬಳು. ಮತ್ತೆ ನೂಕುವಾಗ ಮಾವನ ಕಾಲ ಕೆಳಗಿನ ಹುಲ್ಲು ಜಾರಿತು. ನೀರು ಅವನನ್ನು ಎದೆಮಟ್ಟಕ್ಕೆ ಎಳೆಯಿತು. ನೂಕುವುದನ್ನು ಅವನು ಬಿಡಲಿಲ್ಲ. ಹರಿಗೋಲು ಅಲೆಯನ್ನು ಹತ್ತಿ ಆಚೆಗೆ ಇಳಿಯಿತು. ಆದರೆ ಹಿಂದಿರುಗಲು ಅವನ ಕಾಲಿಗೆ ನೆಲ ಸಿಕ್ಕಲಿಲ್ಲ. ಅವನು ತೋಳುಗಳ ಬಲದಿಂದ ಮೈಯನ್ನು ಎತ್ತಿಕೊಂಡು, ಅರ್ಧ ಒಳಗೆ ಅರ್ಧ ಹೊರಗೆ, ಹೊಟ್ಟೆಯ ಮೇಲೆ ಅಂಚಿಗೆ ಜೋತುಬಿದ್ದ. ಅಪ್ಪನ ಬೆನ್ನು ಇತ್ತ ಇತ್ತು. ಉಳಿದವರೆಲ್ಲ ಕಂಬಳಿಯೊಳಗೆ ಮುಖ ತಗ್ಗಿಸಿದ್ದರು. ಗಾಳಿಯಲ್ಲಿ ಯಾರ ಕೂಗು ಯಾರಿಗೂ ಕೇಳುವಂತಿರಲಿಲ್ಲ. ಅವನನ್ನು ಕಂಡವಳು ನಾನು ಮಾತ್ರ, ಮತ್ತು ಕಂಡ ಕ್ಷಣದಲ್ಲಿಯೇ ನನ್ನ ತುಟಿಗಳು ತಲೆಗಳನ್ನು ಎಣಿಸಿ ಏಳು ಎಂದವು.

ಹೊಳೆಯ ನಡುವೆ, ಜಾರುಗಲ್ಲಿಗಿಂತ ಸ್ವಲ್ಪ ಕೆಳಗೆ, ಹೊಂಗೆಮರಗಳು ಬೆಳೆದ ಒಂದು ನಡುಗಡ್ಡೆಯಿತ್ತು. ಪ್ರವಾಹದಲ್ಲಿ ಅದರ ನೆಲ ಮುಳುಗಿ, ಕೊಂಬೆಗಳ ಹಸಿರು ಗುಪ್ಪೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಹರಿಗೋಲು ತಿರುಗುತ್ತ ತಿರುಗುತ್ತ ಅದರ ಮೈ ಸವರಿಕೊಂಡು ಹಿಂದಕ್ಕೆ ಮರೆಯಾಯಿತು. ಮತ್ತೆ ಕಾಣಿಸಿಕೊಂಡಾಗ ಅಂಚು ಬರಿದಾಗಿತ್ತು. ಆಚೆಯ ದಡದಲ್ಲಿ ಒಬ್ಬೊಬ್ಬರಾಗಿ ಇಳಿದರು. ಆರು. ನಾನು ಇನ್ನೊಮ್ಮೆ ಎಣಿಸಿದೆ. ಆರು. ಅಪ್ಪ ಹುಟ್ಟಿನ ತುದಿಗೆ ಹೆಗಲ ಮೇಲಿನ ವಲ್ಲಿ ಕಟ್ಟಿ ಮೇಲೆತ್ತಿದ. ಎಲ್ಲರೂ ಸುಖವಾಗಿ ದಾಟಿದೆವು ಎಂಬುದಕ್ಕೆ ನಮ್ಮ ಮನೆಯ ಸನ್ನೆ ಅದು.

ನಾನು ಹುಲ್ಲನ್ನು ಅಲ್ಲಿಯೇ ಬಿಟ್ಟು ಮನೆಗೆ ಓಡಿದೆ. "ದಾಟಿದ್ರಾ?" ಎಂದಳು ಅವ್ವ. "ಊಂ. ಅಪ್ಪ ವಲ್ಲಿ ಎತ್ತಿ ತೋರಿಸ್ತು." "ಪುಟ್ಟ ಎಲ್ಲೋದ?" ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಎಣಿಸಿದೆ ಎಂಬುದನ್ನು ಹೇಳಬೇಕು. ನಾನು ಎಣಿಸಿದ್ದಕ್ಕೇ ಹೊಳೆ ಒಬ್ಬನನ್ನು ತೆಗೆದುಕೊಂಡಿತೆಂದು ನನಗೆ ಖಚಿತವಾಗಿತ್ತು. ಬಾಯಿಬಿಟ್ಟು ಹೇಳದಿದ್ದರೆ ಆ ಲೆಕ್ಕ ಇನ್ನೂ ಆಗದೆ ಉಳಿಯಬಹುದು, ಅವನನ್ನು ಹೊಳೆ ಹಿಂದಕ್ಕೆ ಬಿಡಬಹುದು ಎಂದೂ ತೋರಿತು. "ಗೊತ್ತಿಲ್ಲ" ಎಂದೆ. "ಗದ್ದೆ ಬದ ಒಡ್ದೈತೇನೋ ಅಂತ ನೋಡಾಕೋಗಿರ್ಬೇಕು. ನೆಂದ್ಕಂಡು ಬತ್ತಾನೆ" ಎಂದು ಅವ್ವ ಬಿಸಿನೀರಿಗೆ ಉರಿ ಹಾಕಿದಳು. ಆ ನೀರು ಕಾದು, ಆರಿ, ಮತ್ತೆ ಕಾದು ಆರಿತು. ಮಳೆ ಜೋರಾದಾಗ ಅವನು ಪಕ್ಕದ ಹಳ್ಳಿಯ ಗೆಳೆಯನ ಮನೆಯಲ್ಲಿ ಉಳಿಯುವುದಿತ್ತು. ಸಂಜೆಗೆ ಅವ್ವ ಹಾಗೆಯೇ ಅಂದುಕೊಂಡಳು. ಅಂದು ನಮ್ಮ ಮನೆಯಿಂದ ಯಾರೂ ದಿಬ್ಬ ಹತ್ತಿ ಹೊಳೆಯತ್ತ ನೋಡಲಿಲ್ಲ. ಕಳೆದುಹೋದವರು ಯಾರೂ ಇರಲಿಲ್ಲವಲ್ಲ.

ರಾತ್ರಿ ಹೊಳೆ ಇನ್ನೂ ಏರಿತು. ಮರುದಿನ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ, ಆಚೆಯ ದಡದಲ್ಲೇ ರಾತ್ರಿ ಕಳೆದಿದ್ದ ಅಪ್ಪ ಈಚೆಗೆ ಬಂದು, ಅಂಗಳದಲ್ಲಿ ನಿಂತು ಹೇಳಿದ ಮೊದಲ ಮಾತು, "ಪುಟ್ಟನ್ನ ಕರಿ, ಅರಿಗೋಲು ವೊತ್ಕಂಡು ಬರಾಣ." ಅವ್ವ ಹೊರಗೆ ಬಂದಳು. "ನಿನ್ನೆ ನೂಕಿದ್ಮ್ಯಾಲೆ ಅವ್ನು ಮನೆಗೇ ಬಂದಿಲ್ವಲ್ಲ." ಆಗ ನಾನು ಹೇಳಿದೆ. "ಅರಿಗೋಲ್ನಾಗೆ ಏಳು ಜನ ಇದ್ರು."

ಅಪ್ಪ ಒಬ್ಬನೇ ಹರಿಗೋಲನ್ನು ನಡುಗಡ್ಡೆಗೆ ತಿರುಗಿಸಿದ. ನಮ್ಮ ದಡದ ಕಡೆಯ ಎತ್ತರದ ಹೊಂಗೆಯ ಕೊಂಬೆಗೆ ಮಾವನ ವಲ್ಲಿಯನ್ನು ಬಿಗಿಯಾಗಿ ಕಟ್ಟಿತ್ತು. ಅವನು ಕುಳಿತಿದ್ದ ಕವಲಿನ ಸುತ್ತ, ದಡದವರಿಗೆ ಕಾಣುವಂತೆ ಕಂಡಿ ಮಾಡಲೆಂದೋ ಏನೋ, ಕೈಗೆಟುಕಿದ ಎಲೆಗಳನ್ನೆಲ್ಲ ಕಿತ್ತಿತ್ತು. ರಾತ್ರಿಯ ನೀರು ಬಿಟ್ಟುಹೋದ ಕೆಸರಿನ ಗೆರೆ ಆ ಕವಲಿಗಿಂತ ಮೇಲಿತ್ತು. ಮೂರನೆಯ ದಿನ ಅವನು ಹೊಳೆನರಸೀಪುರದ ಕೆಳಗೆ ಸಿಕ್ಕಿದ. ಗೌಡರ ಸೊಸೆ ಮೊಸಳೆ ತಲುಪುವುದಕ್ಕೂ ಮೊದಲೇ ದಾರಿಯಲ್ಲಿ ತೀರಿಕೊಂಡಿದ್ದಳೆಂಬ ಸುದ್ದಿಯೂ ಅದೇ ವಾರ ಬಂತು.

ಅಪ್ಪ ಮತ್ತೆ ಹರಿಗೋಲನ್ನು ಇಳಿಸಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಹೊಂಗೆ ಹತ್ರ ಅರಿಗೋಲು ಇದ್ದಕ್ಕಿದ್ದಂಗೆ ಹಗುರಾಯ್ತು ಕಣಪ್ಪ. ವೊಳೆಯವ್ವ ಕೈ ಹಿಡಿದ್ಲು ಅಂದ್ಕಂಡೆ. ಕೈ ಮುಗ್ದೆ ಕಣಪ್ಪ ನಾನು." ಅಂಗಳದಲ್ಲಿ ಚರ್ಮ ಒಣಗಿ, ಬಿರಿದು, ಬಿದಿರು ಹೊರಬಂತು. ಮುಂದಿನ ವರ್ಷ ನಾವು ಹಾಸನಕ್ಕೆ ಹೋದೆವು. ಮಂಡಿಯಲ್ಲಿ ಮೂಟೆ ಹೊರುತ್ತ ಅಪ್ಪ ಬೇಗ ಮುದುಕನಾದ. ಸ್ವಾತಂತ್ರ್ಯ ಬಂದ ವರ್ಷ ಹೋಗಿಬಿಟ್ಟ. ಬಿಟ್ಟುಬಂದ ಮನೆಯ ಹೆಂಚುಗಳನ್ನು ಯಾರೋ ತೆಗೆದುಕೊಂಡು ಹೋದರು; ಗೋಡೆಗಳನ್ನು ಮಳೆ ತೆಗೆದುಕೊಂಡು ಹೋಯಿತು.

ಅವ್ವ ನನ್ನನ್ನು ಒಂದು ಸಲವೂ ಬಯ್ಯಲಿಲ್ಲ. ಆ ದಿನವೇ ನನ್ನನ್ನು ಮಡಿಲಿಗೆ ಎಳೆದುಕೊಂಡು, "ಎಣಿಸ್ಬುಟ್ಟೆ ಅಂತ ಅಳ್ಬ್ಯಾಡ ಕಣವ್ವ. ಕೂಸು ನೀನು, ನಿಂಗೇನ್ ಗೊತ್ತಾಯ್ತದೆ" ಎಂದಿದ್ದಳು. ಎಣಿಸಿದ ತಪ್ಪನ್ನು ಅವಳು ಕ್ಷಮಿಸಿದಳು. ನಾನು ಅದನ್ನೇ ಕೈಚಾಚಿ ತೆಗೆದುಕೊಂಡೆ. ಆರು ಜನ ಇಳಿದದ್ದನ್ನು ಯಾವಾಗ ಕಂಡೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ಇಪ್ಪತ್ತೆಂಟು ವರ್ಷ ಒಂದೇ ಸೂರಿನಡಿ ಬಾಳಿದೆವು. ನಾನು ಉಪಾಧ್ಯಾಯಿನಿಯಾದೆ, ತಪ್ಪನ್ನು ಮುಚ್ಚಿಟ್ಟ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅವ್ವ ಕಡೆಯ ದಿನಗಳಲ್ಲಿ, ತಮ್ಮ ನೀರಿಗೆ ಬಿದ್ದ ಕೂಡಲೇ ಹೋಗಿರಬೇಕು, ಬಹಳ ಸಂಕಟಪಟ್ಟಿರಲಾರ ಎನ್ನುತ್ತಿದ್ದಳು. ವಲ್ಲಿಯ ಗಂಟನ್ನು ಅವಳು ಮರೆತಿದ್ದಳೋ, ಮರೆಯಲು ಯತ್ನಿಸುತ್ತಿದ್ದಳೋ ತಿಳಿಯದು. ನಾನು ಹೌದು ಎನ್ನುತ್ತಿದ್ದೆ.

ಈಗ ಮೇಲೆ ಅಣೆಕಟ್ಟು ಎದ್ದಿದೆ. ಹೊಳೆದಡದಲ್ಲಿ ಬೆಳೆದವರಿಗೆ ಬೇಸಗೆಯ ಹೊಳೆಪಾತ್ರ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಹೋದ ಬೇಸಗೆಯಲ್ಲಿ ನಾನು ಜಾರುಗಲ್ಲಿನಿಂದ ಇಳಿದು, ಮರಳಿನ ಮೇಲೆ, ಚಪ್ಪಲಿಯೂ ನೆನೆಯದಂತೆ, ನಡುಗಡ್ಡೆಗೆ ನಡೆದು ಹೋದೆ. ಹಳೆಯ ಮರಗಳಲ್ಲಿ ಎರಡು ಉಳಿದಿವೆ. ದಡದಿಂದ ನೋಡಿದರೆ ಅವು ಬರಿಯ ಹಸಿರು ಗುಪ್ಪೆ. ಒಳಗೆ ನಿಂತರೆ ಎಲೆಗಳ ಸಂದಿಯಲ್ಲಿ ದಡವೆಲ್ಲ ಬಿಚ್ಚಿ ಕಾಣುತ್ತದೆ. ಬಂಡೆಯ ಮೇಲೆ ಒಬ್ಬ ಹೆಂಗಸು, ಮಗ್ಗುಲ ಗುಂಡಿಯಲ್ಲಿ ನಿಂತ ನೀರಿನಿಂದ ಬಟ್ಟೆ ಒಗೆಯುತ್ತಿದ್ದಳು. ಅವಳ ಸೀರೆಯ ಅಂಚು ಕಾಣುತ್ತಿತ್ತು, ಪಕ್ಕದಲ್ಲಿ ನಿಂತ ಮಗುವಿನ ಮುಖ ಕಾಣುತ್ತಿತ್ತು. ಹಾಗಾದರೆ ಅಂದು ನಾನೂ ಅವನಿಗೆ ಕಂಡಿರಬೇಕು. ತನ್ನತ್ತಲೇ ನೋಡುತ್ತ ನಿಂತಿದ್ದೇನೆಂದು ಅವನಿಗೆ ಧೈರ್ಯವೂ ಬಂದಿರಬೇಕು. ಆಮೇಲೆ ನಾನು ಬೆನ್ನು ತಿರುಗಿಸಿ ಮನೆಯ ಕಡೆಗೆ ಓಡಿದ್ದನ್ನು ಕಂಡು, ಅವ್ವನನ್ನು ಕರೆಯಲು ಹೋಗುತ್ತಿದ್ದೇನೆಂದೇ ಅವನು ತಿಳಿದಿರಬೇಕು.