ನನಗೆ ಶುಗರ್ ಉಂಟು

ನನ್ನ ತಲೆ ನೆರೆತದ್ದರಿಂದ ಇನ್ನೊಬ್ಬರಿಗೆ ಉಪಯೋಗವಾದದ್ದು ಒಂದೇ ಸಲ. ದೋಹಾದ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುವ ಅಜರ್‌ಬೈಜಾನಿನ ಹುಡುಗನಿಗೆ, ಹೆಣ್ಣು ಕೇಳಲು ಹೋಗುವಾಗ ಮುಂದೆ ನಡೆಯಲು ಒಬ್ಬ ಹಿರಿಯ ಬೇಕಿತ್ತು. ತಂದೆ ತೀರಿಹೋಗಿದ್ದರು, ತಾಯಿ ಅವರ ಊರು ಬಾಕುವಿನಲ್ಲಿದ್ದರು. "ಅಂಕಲ್, ನೀವು ಸುಮ್ಮನೆ ಕೂತರೆ ಸಾಕು," ಎಂದ. ಸುಮ್ಮನೆ ಕೂರುವುದರಲ್ಲಿ ನನ್ನಷ್ಟು ಅನುಭವ ಆ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಒಪ್ಪಿಕೊಂಡೆ.

ಹೆಂಡತಿ ನಕ್ಕಳು. "ನಮ್ಮ ಮಗಳ ಸಂಬಂಧ ಮಾತಾಡ್ಲಿಕ್ಕೆ ಬಂದಾಗ ಕಾರ್ ಪಾರ್ಕಿಂಗ್ ತೋರಿಸ್ತೇನೆ ಅಂತ ಹೊರಗೆ ಹೋದವರು ನೀವು, ಊಟಕ್ಕೇ ಬಂದದ್ದು. ಅಲ್ಲಿ ಹೋಗಿ ಎಂತ ಮಾಡ್ತೀರಿ ಮಾರಾಯ್ರೆ?"

ವಿಷಯ ಸ್ವಲ್ಪ ನಾಜೂಕಿನದಾಗಿತ್ತು. ಹುಡುಗಿಯೂ ಅವನ ದೇಶದವಳೇ, ತಂದೆತಾಯಿಯ ಜೊತೆ ದೋಹಾದಲ್ಲೇ ಇದ್ದಳು. ಫೋನಿನಲ್ಲಿ ಲೈವ್ ಬಂದು ತಮ್ಮ ಕಡೆಯ ಅಡುಗೆ ಮಾಡಿ ತೋರಿಸುತ್ತಿದ್ದಳು. ಇವನು ಕಮೆಂಟ್ ಹಾಕುತ್ತಾ ಹಾಕುತ್ತಾ ಅವಳ ಮನೆ ಬಾಗಿಲಿನವರೆಗೆ ಬಂದಿದ್ದ. ಅವನ ತಾಯಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಊರೆಲ್ಲ ನೋಡುವ ಹುಡುಗಿ ನನಗೆ ಸೊಸೆಯಾಗುವುದು ಬೇಡ ಎಂದು ಹಟ ಹಿಡಿದು, ಅವಳ ಜೊತೆ ಒಂದು ಮಾತನ್ನೂ ಆಡಿರಲಿಲ್ಲ. ಕೊನೆಗೆ, ಹೆಣ್ಣು ಕೇಳುವುದನ್ನು ಲೈವ್‌ನಲ್ಲಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದಿದ್ದರು. ಹುಡುಗ ತಾಯಿಯ ಮಾತು ಮೀರುವವನಲ್ಲ. ಅವರು ಬೇಡ ಎಂದರೆ ಅಲ್ಲಿಗೆ ಖಲಾಸ್.

ಶುಕ್ರವಾರ ಸಂಜೆ ಸೂಟು ಹಾಕಿಕೊಂಡು ಹೋದೆ. ಸೋಫಾದ ಎದುರು ಸ್ಟ್ಯಾಂಡಿನ ಮೇಲೆ ಫೋನು. ಹಿಂದೆಲ್ಲ ಈ ಮಾತುಕತೆ ನಾಲ್ಕು ಗೋಡೆಯೊಳಗೇ ನಡೆಯುತ್ತಿತ್ತಂತೆ. ಈಗ ಬಾಕುವಿನಿಂದ ಹುಡುಗನ ಅತ್ತೆ, ಚಿಕ್ಕಮ್ಮ, ಅವರ ನೆರೆಮನೆಯವರು ಎಲ್ಲರೂ ಪರದೆಯಲ್ಲಿ ಹಾಜರು. ಅಬು ಹಮೂರಿನ ನಮ್ಮ ಮನೆಯಿಂದ ನನ್ನ ಹೆಂಡತಿಯೂ ಇಣುಕುತ್ತಿದ್ದಳು. ನಾನು ಹೊಟ್ಟೆ ಒಳಗೆಳೆದುಕೊಂಡು ಕೂತೆ.

ಸೊಂಟ ಸಪೂರವಾದ ಪುಟ್ಟ ಗಾಜಿನ ಲೋಟಗಳಲ್ಲಿ ಚಹಾ ಬಂತು. ಹುಡುಗಿಯ ತಂದೆ ಏನೋ ಹೇಳಿ, ಸಕ್ಕರೆಯ ತುಂಡೊಂದನ್ನು ನನ್ನ ಲೋಟದತ್ತ ತಂದರು. ನಾನು ಥಟ್ಟನೆ ಕೈ ಅಡ್ಡ ಹಿಡಿದು, ನಮ್ಮವರೆದುರು ಹೇಳುವ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದೆ: "ನೋ, ನೋ. ಐ ಹ್ಯಾವ್ ಶುಗರ್."

ಅವರು ಸಕ್ಕರೆಯನ್ನು ಬಟ್ಟಲಿಗೆ ವಾಪಸು ಹಾಕಿದರು. ಅವರ ಪದ್ಧತಿಯಲ್ಲಿ ಚಹಾಕ್ಕೆ ಸಕ್ಕರೆ ಬಿದ್ದರೆ ಸಂಬಂಧ ಕೂಡಿತು ಎಂದರ್ಥ, ಬೀಳದಿದ್ದರೆ ಇಲ್ಲ. ಹುಡುಗಿಯ ತಂದೆ ಕೊಟ್ಟ ಒಪ್ಪಿಗೆಯನ್ನು ಹುಡುಗನ ಕಡೆಯ ಹಿರಿಯ, ನಿಮ್ಮ ಸಕ್ಕರೆ ಯಾರಿಗೆ ಬೇಕು, ನನ್ನ ಹತ್ತಿರವೇ ಇದೆ ಎಂದು ತಳ್ಳಿಹಾಕಿದ್ದ. ಅದೂ ಲೈವ್‌ನಲ್ಲಿ.

ಕಮೆಂಟುಗಳು ಸುರಿಯತೊಡಗಿದವು. ಹುಡುಗ ಪೆಚ್ಚಾಗಿ ಪಿಸುಗುಟ್ಟಿದ: "ಅಂಕಲ್, ಸಕ್ಕರೆ ಅಂದರೆ ಹೂಂ ಅಂತ!" ನಾನು ಗಾಬರಿಬಿದ್ದು ಸಕ್ಕರೆ ಬಟ್ಟಲಿಗೇ ಕೈಹಾಕಿದೆ. ಅಷ್ಟರಲ್ಲಿ ನನ್ನ ಹೆಂಡತಿ ಕಮೆಂಟಿನಲ್ಲಿ ಕನ್ನಡದಲ್ಲಿ ಬರೆದಳು: "ಆ ಸಕ್ಕರೆ ಮುಟ್ಟಿದ್ರೆ ಜಾಗ್ರತೆ!" ಹಾಳು ಫೋನು ಅದನ್ನು ಅಲ್ಲೇ ಅವರ ಭಾಷೆಗೆ ತಿರುಗಿಸಿ ಬಾಕುವಿನವರಿಗೆಲ್ಲ ತೋರಿಸಿತು. ಹುಡುಗನ ಕಡೆಯವರಿಗೆ ಈ ಸಂಬಂಧ ಬೇಡ ಎಂಬುದು ಈಗ ಲಿಖಿತವಾಗಿಯೂ ಸಿಕ್ಕಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಬಾಡಿಹೋಯಿತು. ಎಂಥ ಹಿರಿಯನಪ್ಪಾ ನಾನು! ಬಾಯಿ ಮುಚ್ಚಿ ಆ ಚಹಾ ಕುಡಿದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಹುಡುಗ ಫೋನಿನೆದುರು ಬಾಗಿ ನನ್ನ ಕಾಯಿಲೆ, ನನ್ನ ಮಾತ್ರೆ, ನನ್ನ ಹೆಂಡತಿ ಎಲ್ಲವನ್ನೂ ವಿವರಿಸಿದ. ಭಾಷೆ ತಿಳಿಯದಿದ್ದರೂ ಅವನು ನನ್ನತ್ತ ಬೆರಳು ತೋರಿಸುತ್ತಿದ್ದುದರಿಂದ ಅಷ್ಟು ಗೊತ್ತಾಯಿತು. ಆಗ ಪರದೆ ಎರಡು ಪಾಲಾಗಿ, ಒಂದರಲ್ಲಿ ಅವನ ತಾಯಿ ಕಾಣಿಸಿಕೊಂಡರು. ನನ್ನ ಕೈಯಲ್ಲಿ ಇನ್ನೂ ಸಕ್ಕರೆ ತುಂಡಿತ್ತು. ಅವರು ಗದರುವ ದನಿಯಲ್ಲಿ ಏನೋ ಹೇಳಿದರು. ಹುಡುಗಿ ಓಡಿಬಂದು ಆ ತುಂಡನ್ನು ನನ್ನಿಂದ ಕಿತ್ತುಕೊಂಡಳು. ತಿರುಗಿ ನೋಡಿದರೆ ಹುಡುಗನ ಕಣ್ಣಲ್ಲಿ ನೀರು.

"ಏನಂದರು?" ಎಂದೆ.

"ನಿಮಗೆ ಸಕ್ಕರೆ ಕೊಡಬಾರದಂತೆ."

"ಅದಕ್ಕೆ ನೀನು ಅಳುವುದೇಕೆ?"

"ನನಗೆ ಹೇಳಿದ್ದಲ್ಲ ಅಂಕಲ್, ಅವಳಿಗೆ ಹೇಳಿದರು. 'ಮಗಳೇ' ಅಂತ ಕರೆದು ಹೇಳಿದರು."